ಯಾವುದು ಮೊದಲು, ಯಾವುದು ಆಮೇಲೆ

"ನೀವು ಮುಂದಿನ ಸಾಲಲ್ಲಿ ಕೂತ್ಕೊಳ್ಳಿ. ಆಮೇಲೆ ಎಬ್ಬಿಸಿ ಎಲ್ರಿಗೂ ಪರಿಚಯ ಮಾಡ್ಕೊಡ್ತೀನಿ," ಎಂದು ಅವಳ ಕಿವಿಯಲ್ಲಿ ಹೇಳಿ ಸಂಘಟಕ ಮೈಕು ಸರಿಮಾಡಲು ಓಡಿದ. ಮುಂದಿನ ಸಾಲು ಪೂರ್ತಿ ಖಾಲಿಯಿತ್ತು. ಜಗತ್ತಿನ ಕಂಪ್ಯೂಟರುಗಳನ್ನೆಲ್ಲ ಬೆರಳ ತುದಿಯಲ್ಲಿ ಆಡಿಸುವ ಈ ಜನಕ್ಕೆ ಭಾಷಣಕಾರನ ಕಣ್ಣಿಗೆ ಬೀಳುವುದೆಂದರೆ ಮಾತ್ರ ಅಂಜಿಕೆ. ಹಿಂದಿನ ಸಾಲುಗಳಲ್ಲಿ ಒತ್ತೊತ್ತಾಗಿ ಕೂತು, ಸ್ಟಿಕ್ಕರು ಮೆತ್ತಿದ ಲ್ಯಾಪ್‌ಟಾಪುಗಳನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡಿದ್ದರು. ಅರ್ಧ ಜನ ಬಂದದ್ದು ಮೂಲೆಯ ಮೇಜಿನ ಮೇಲಿದ್ದ ಬಿಟ್ಟಿ ಪಿಜ್ಜಾಕ್ಕೆ. ಅವಳು ಒಬ್ಬಳೇ ಹೋಗಿ ಮುಂದೆ ಕೂತಳು. ಕಾಲೇಜಿನ ಕೊನೆಯ ವರ್ಷದ ಹುಡುಗಿ, ಅವಳ ಕ್ಲಾಸಿನಿಂದ ಬೇರೆ ಯಾರೂ ಬಂದಿರಲಿಲ್ಲ.

ಅದು ಯಾವುದೋ ಕಂಪನಿಯ ಕ್ಯಾಂಟೀನು. ಶನಿವಾರ ರಜೆಯಿರುವುದರಿಂದ ಓಪನ್ ಸೋರ್ಸ್ ಕ್ಲೌಡ್ ಬಳಗದವರಿಗೆ ಬಿಟ್ಟುಕೊಟ್ಟಿದ್ದರು. ತಾವು ಬರೆದ ಪ್ರೋಗ್ರಾಮುಗಳನ್ನು ಮುಚ್ಚಿಡದೆ, ಕಾಸು ಕೇಳದೆ, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಊರಿಗೆಲ್ಲ ಹಂಚುವವರ ಬಳಗ ಅದು. ಹಂಚಿದ್ದನ್ನು ಯಾರು, ಯಾತಕ್ಕೆ ಬಳಸಿಕೊಂಡರು ಎಂದು ಕೇಳುವ ಪದ್ಧತಿ ಅವರಲ್ಲಿಲ್ಲ. ಕೇಳಿದರೆ ಸಣ್ಣತನ ಎನ್ನಿಸಿಕೊಳ್ಳುತ್ತದೆ. ಅವಳಿಗೂ ಈ ದೊಡ್ಡತನ ತುಂಬ ಇಷ್ಟವಾಗಿತ್ತು.

ಅವಳು ಹಂಚಿದ ಪ್ರೋಗ್ರಾಮಿನ ಹೆಸರು 'ಹಮಾಲ'. ಕಂಪನಿಗಳು ತಮ್ಮ ಕಟ್ಟಡದೊಳಗೇ ಸಾಕಿಕೊಂಡಿರುವ ಹಳೆಯ ಸರ್ವರುಗಳಿಂದ ಎಲ್ಲವನ್ನೂ ಹೊತ್ತು ಕ್ಲೌಡಿಗೆ, ಅಂದರೆ ಎಲ್ಲೋ ದೂರದಲ್ಲಿ ಬಾಡಿಗೆಗೆ ಸಿಗುವ ಕಂಪ್ಯೂಟರುಗಳಿಗೆ, ಸಾಗಿಸುವುದು ಅದರ ಕೆಲಸ. ಹಾಗೆ ಹೊರುವ ಪ್ರೋಗ್ರಾಮುಗಳಿಗೇನೂ ಬರವಿಲ್ಲ. ಆದರೆ ಹಳೆಯ ಸರ್ವರುಗಳು ಒಂದನ್ನೊಂದು ನೆಚ್ಚಿಕೊಂಡು ಬದುಕಿರುತ್ತವೆ. ತಪ್ಪು ಕ್ರಮದಲ್ಲಿ ಆರಿಸಿದರೆ, ಅಂದರೆ ಬಂದ್ ಮಾಡಿದರೆ, ಒಂದು ಇನ್ನೊಂದನ್ನು ಹುಡುಕುತ್ತ ಕೂತು ಎಲ್ಲ ಎಕ್ಕುಟ್ಟಿಹೋಗುತ್ತದೆ. ಯಾವುದನ್ನು ಮೊದಲು ಆರಿಸಬೇಕು, ಯಾವುದನ್ನು ಆಮೇಲೆ, ನಡುವೆ ಎಷ್ಟು ಕಾಯಬೇಕು ಎಂಬುದೆಲ್ಲ ಹಮಾಲನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದ್ದದ್ದೆಲ್ಲ ಅವಳಿಗೆ ಅಪ್ಪ ಹೇಳಿಕೊಟ್ಟದ್ದು.

ಅಪ್ಪ ಒಂದು ಔಷಧಿ ಸಗಟು ಕಂಪನಿಯ ಸರ್ವರ್ ರೂಮಿನಲ್ಲಿ ಆಪರೇಟರು. ಅವಳು ಹುಟ್ಟುವ ಮುಂಚಿನಿಂದಲೂ ಅದೇ ತಣ್ಣಗಿನ ಕೋಣೆಯಲ್ಲಿ, ಅದೇ ಗುಂಯ್ ಎನ್ನುವ ಸದ್ದಿನ ನಡುವೆ ಕೂತು ಕೂತು, ಮನೆಯಲ್ಲೂ ಸ್ವಲ್ಪ ಜೋರಾಗಿಯೇ ಮಾತಾಡುತ್ತಿದ್ದ. ಮೆಷಿನ್ನುಗಳಿಗೆ ಅವನೇ ಹೆಸರಿಟ್ಟಿದ್ದ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ಉಳಿದವೆಲ್ಲ ಕೇಳಿ ತಿಳಿಯುವ ಹಳೆಯ ಮೆಷಿನ್ನು 'ಅಜ್ಜಿ'. ಬಿಲ್ಲು ಮಾಡುವುದು 'ಸೊಸೆ'. ಆರಿಸಿದರೂ ಆರದೆ ಎರಡನೇ ಸಲ ಹೇಳಿಸಿಕೊಳ್ಳುವುದು 'ಮೊಂಡ'. ಊಟಕ್ಕೆ ಕೂತಾಗ ಲೋಟಗಳನ್ನೇ ಮೆಷಿನ್ನು ಮಾಡಿ ಅತ್ತಿತ್ತ ಸರಿಸುತ್ತ ಅವಳಿಗೆ ವಿವರಿಸುತ್ತಿದ್ದ.

"ಅಜ್ಜಿ ಎದ್ದಿರೋ ತನಕ ಯಾರ್ ಬೇಕಾದ್ರೂ ಮಲಗ್ಲಿ, ತೊಂದ್ರೆ ಇಲ್ಲ. ಅಜ್ಜಿ ಮಲಗಿಬಿಟ್ಲೋ, ಆ ಮನೇಲಿ ಒಬ್ರ ಮಾತು ಒಬ್ರು ಕೇಳಲ್ಲ."

"ತಟ್ಟೆ ಮುಂದೆ ಕೂತ್ಕೊಂಡು ಅದೇನು ಅಜ್ಜಿ ಪುರಾಣ," ಎಂದು ಅಮ್ಮ ಲೋಟಗಳನ್ನು ಕಸಿದುಕೊಂಡು ನೀರು ತುಂಬುತ್ತಿದ್ದಳು.

ಒಂದಿಡೀ ರಜೆ ಅವಳು ಅಪ್ಪನನ್ನು ಪೀಡಿಸಿದ್ದಳು. ಕರೆಂಟು ಹೋದರೆ? ಡಿಸ್ಕು ತುಂಬಿದರೆ? ಸೊಸೆ ಅರ್ಧದಲ್ಲೇ ನಿಂತರೆ? ಇಷ್ಟು ವರ್ಷದಲ್ಲಿ ಅವನ ಕೆಲಸದ ಬಗ್ಗೆ ಯಾರೂ ಇಷ್ಟು ಕೇಳಿರಲಿಲ್ಲ. ಅವನು ನೆನಪಿನ ತಳ ಕೆರೆದು ಕೆರೆದು ಹೇಳಿದ. ಅವಳು ಎಲ್ಲವನ್ನೂ ಪ್ರೋಗ್ರಾಮಿಗೆ ಇಳಿಸಿ, ಬಳಸುವವರಿಗೆ ತಿಳಿಯಲೆಂದು ಅಪ್ಪನ ರೂಮನ್ನೇ ಉದಾಹರಣೆಯಾಗಿ ಅದರೊಳಗಿಟ್ಟಳು. ಅಜ್ಜಿ, ಸೊಸೆ, ಮೊಂಡ ಎಲ್ಲರೂ ಅದೇ ಹೆಸರಿನಲ್ಲಿ ಇದ್ದರು. ತನ್ನ ಹೆಸರಿನ ಜಾಗದಲ್ಲಿ ಮಾತ್ರ 'ಕಟ್ಟಿರುವೆ' ಎಂದು ಬರೆದಳು. ತಪ್ಪಿದ್ದರೆ ಬೈಸಿಕೊಳ್ಳುವುದು ಇರುವೆಯೇ ಆಗಲಿ ಎಂಬ ಮುಂಜಾಗ್ರತೆ.

ಬೈಯುವುದಕ್ಕಾದರೂ ಯಾರಾದರೂ ಓದಬೇಕಲ್ಲ. ತಿಂಗಳುಗಟ್ಟಲೆ ಯಾರೂ ಮೂಸಿ ನೋಡಲಿಲ್ಲ. ಕೆಲಸ ಕೊಡಲು ಕಾಲೇಜಿಗೆ ಬಂದ ಕಂಪನಿಗಳೂ ಅವಳನ್ನು ಮೂಸಿ ನೋಡಲಿಲ್ಲ. ಹೀಗಿರುವಾಗ ಸಂಘಟಕನಿಂದ ಮೆಸೇಜು ಬಂತು. ನಿಮ್ಮ ಹಮಾಲನನ್ನು ನಿಜವಾದ ಒಂದು ಕಂಪನಿಯಲ್ಲಿ ಬಳಸಿದ್ದಾರೆ, ಮಾಡಿದ ಇಂಜಿನಿಯರೇ ಬಂದು ಮಾತಾಡುತ್ತಾರೆ, ಬನ್ನಿ ಎಂದು. ಬೆಳಿಗ್ಗೆ ಡ್ಯೂಟಿಗೆ ಹೊರಟ ಅಪ್ಪನಿಗೆ ಹೇಳಿದಾಗ ಅವನು ಚಪ್ಪಲಿ ಮೆಟ್ಟುವುದನ್ನು ನಿಲ್ಲಿಸಿ, "ಹೌದಾ?" ಎಂದು ವಿಚಿತ್ರವಾಗಿ ನಕ್ಕು ಹೋಗಿದ್ದ. ಆ ನಗೆಯ ಬಗ್ಗೆ ಅವಳು ಆಗ ಯೋಚಿಸಲಿಲ್ಲ.

ಇಂಜಿನಿಯರು ಮಾತು ಬಲ್ಲವನು. ಕಂಪನಿಗಳ ಹಳೆಯ ಸರ್ವರ್ ರೂಮುಗಳನ್ನು ಖಾಲಿ ಮಾಡಿಕೊಡುವುದೇ ಅವನ ಕಸುಬು. ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು, ಗೆಳೆಯರ ಜೊತೆ ಹರಟೆ ಹೊಡೆಯುವವನಂತೆ ಶುರುಮಾಡಿದ.

"ಸಗಟು ವ್ಯಾಪಾರದ ಒಂದು ಕಂಪನಿ ಅಂತ ಇಟ್ಕೊಳ್ಳಿ. ಮಾಮೂಲಿ ಇಂಥ ಕೆಲಸ ವರ್ಷ ತಿನ್ನತ್ತೆ. ಯಾಕೆ? ಆ ರೂಮಲ್ಲಿ ಏನು ಎತ್ತ ಅಂತ ಗೊತ್ತಿರೋದು ಅಲ್ಲಿನ ಆಪರೇಟರ್ ಒಬ್ರಿಗೇ. ಅವ್ರು ಬಾಯಿ ಬಿಡಲ್ಲ. ಯಾಕ್ ಬಿಡ್ತಾರೆ, ಬಿಟ್ರೆ ಹೊಟ್ಟೆಪಾಡು ಹೋಗತ್ತಲ್ಲ! ಕಾಫಿ ಕುಡಿಸಿ, ಕೈಕಾಲು ಹಿಡಿದು, ಒಂದೊಂದಾಗಿ ಕಕ್ಕಿಸ್ಬೇಕು. ಇಲ್ಲಿ ಏನಾಯ್ತು ಗೊತ್ತಾ? ಆಪರೇಟರೇ ಸೀದಾ ಮ್ಯಾನೇಜರ್ ಹತ್ರ ಹೋಗಿ, 'ಸಾರ್, ಹಮಾಲ ಅಂತ ಒಂದಿದೆ, ತುಂಬಾ ಚೆನ್ನಾಗಿದೆ, ನಮ್ಮಲ್ಲೂ ಹಾಕಿ ನೋಡಿ ಸಾರ್' ಅಂದಿದಾರೆ." ಒಂದು ಗಳಿಗೆ ತಡೆದ. "ಕಾಲ ಮೇಲೆ ಕಲ್ಲು ಹಾಕ್ಕೊಳ್ಳೋರನ್ನ ನೋಡಿದೀನಿ. ಕಲ್ಲನ್ನ ತೊಳೆದು, ಒರೆಸಿ, ಎರಡೂ ಕೈಯಲ್ಲಿ ತಂದ್ಕೊಡೋರನ್ನ ಇದೇ ಮೊದಲು ನೋಡಿದ್ದು."

ಕ್ಯಾಂಟೀನು ಗೊಳ್ಳೆಂದಿತು. ಅವಳೂ ನಕ್ಕಳು. ಭುಜ ಕುಲುಕಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತನ್ನ ಹಮಾಲನ ಹೆಸರು ಮೊದಲ ಸಲ ಮೈಕಿನಲ್ಲಿ ಕೇಳಿದ ಖುಷಿಗೆ ಏನು ಹೇಳಿದ್ದರೂ ನಗುತ್ತಿದ್ದಳು.

ಇಂಜಿನಿಯರು ಗುಂಡಿ ಒತ್ತಿದ. ಪರದೆಯ ಮೇಲೆ ಆ ರೂಮಿನ ಫೋಟೊ ಬಂತು. ಕಪ್ಪು ಕಪಾಟುಗಳ ಸಾಲು, ಹಸಿರು ದೀಪಗಳು, ಎದುರಿಗೆ ಒಂದು ಕುರ್ಚಿ. ಕುರ್ಚಿಯ ಬೆನ್ನಿಗೆ ಕಂದು ಬಣ್ಣದ ಸ್ವೆಟರು ನೇತುಹಾಕಿತ್ತು. ಅದರ ಬಲತೋಳು ಎಡತೋಳಿಗಿಂತ ಗೇಣುದ್ದ ಹೆಚ್ಚು ಇಳಿದಿತ್ತು. ಅಮ್ಮ ಮೊದಲ ಸಲ ಹೆಣೆದ ಸ್ವೆಟರು ಅದು. ಉದ್ದದ ತೋಳನ್ನು ಮಡಚಿಕೊಂಡು ಅಪ್ಪ ಇಷ್ಟು ವರ್ಷ ತೊಟ್ಟಿದ್ದ.

"ಸ್ವೆಟರ್ ನೋಡೋ," ಎಂದು ಹಿಂದಿನಿಂದ ಯಾರೋ ಅಂದರು. ಮತ್ತೊಂದು ಸಣ್ಣ ನಗೆಯ ಅಲೆ ಎದ್ದು ಇಳಿಯಿತು. ಅವಳ ಮುಖದ ಮೇಲೆ ಹಳೆಯ ನಗು ಹಾಗೇ ಉಳಿದುಬಿಟ್ಟಿತ್ತು, ಅದನ್ನು ತೆಗೆಯುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

"ತಮಾಷೆ ಅಂದ್ರೆ," ಇಂಜಿನಿಯರು ಮುಂದುವರಿಸಿದ, "ಹಮಾಲನ ಉದಾಹರಣೆ ಫೈಲಲ್ಲಿ ಅಜ್ಜಿ, ಸೊಸೆ, ಮೊಂಡ ಅಂತ ಹೆಸರಿದ್ವು. ನಾವು ರೂಮಿನ ಒಳಗಡೆ ಇಣುಕಿ ನೋಡಿದ್ರೆ ಅದೇ ಅಜ್ಜಿ, ಅದೇ ಸೊಸೆ! ನಾವು ಒಂದು ಸಾಲೂ ಬರೀಲಿಲ್ಲ. ಆಪರೇಟರನ್ನ ಒಂದು ಮಾತೂ ಕೇಳ್ಬೇಕಾಗ್ಲಿಲ್ಲ. ಬ್ಯಾಕಪ್ ಪರೀಕ್ಷೆ ನಡೀತಿದೆ ಅಂತ ಹೇಳಿದ್ವು, ನಂಬಿದ್ರು."

ಸಂಘಟಕ ಇದಕ್ಕೇ ಕಾದಿದ್ದವನಂತೆ ಮೈಕು ಕಸಿದುಕೊಂಡ. "ಆ ಕಟ್ಟಿರುವೆ ಇಲ್ಲೇ ಇದಾರೆ! ನಮ್ಮೂರ ಸ್ಟೂಡೆಂಟು!" ಎಂದು ಅವಳತ್ತ ಕೈ ತೋರಿಸಿದ. ಎಲ್ಲರೂ ಲ್ಯಾಪ್‌ಟಾಪು ಪಕ್ಕಕ್ಕಿಟ್ಟು ಚಪ್ಪಾಳೆ ತಟ್ಟಿದರು. ಅವಳು ಎದ್ದು ನಿಂತಳು. ಪರದೆಯ ಮೇಲೆ ಸ್ವೆಟರಿನ ಫೋಟೊ ಹಾಗೇ ಇತ್ತು.

"ಹಾಗಾದ್ರೆ ಕೇಳೇಬಿಡೋಣ," ಇಂಜಿನಿಯರು ನಗುತ್ತ ಅವಳತ್ತ ಬಾಗಿದ. "ಇಷ್ಟೆಲ್ಲ ಒಳಗಿನ ವಿಷ್ಯ ಯಾರ್ ಹೇಳ್ಕೊಟ್ರು ನಿಮ್ಗೆ? ಆ ಆಪರೇಟರ್ ನಿಮ್ಗೆ ಗೊತ್ತಾ?"

ಮೈಕು ಅವಳ ಬಾಯಿಯ ಹತ್ತಿರ ಬಂತು. ಇನ್ನೂ ಕೆಲವರ ಮುಖದಲ್ಲಿ ಕಲ್ಲಿನ ಜೋಕಿನ ನಗು ಆರಿರಲಿಲ್ಲ.

"ಇಲ್ಲ," ಅಂದಳು. "ಆನ್‌ಲೈನಲ್ಲಿ... ಯಾರೋ ಹೇಳಿದ್ರು."

ತನ್ನದೇ ದನಿ ಸ್ಪೀಕರಿನಿಂದ ತಿರುಗಿ ಬಂದು ಅವಳ ಕಿವಿಗೆ ಬಿತ್ತು. ಯಾರೋ. ಇದಕ್ಕೂ ಜನ ಚಪ್ಪಾಳೆ ತಟ್ಟಿದರು. ಅವಳು ಕೂತಳು. ಹೇಳಿದ ಸುಳ್ಳಿನ ನಾಚಿಕೆಗೆ ಮುಖ ಕಿವಿಯ ತುದಿಯವರೆಗೆ ಕೆಂಪೇರಿತ್ತು. ನೋಡಿದವರು ಅದನ್ನು ಸಂಕೋಚ ಎಂದುಕೊಂಡರು.

ಭಾಷಣ ಮುಗಿದು ಪಿಜ್ಜಾದ ಡಬ್ಬಿಗಳು ತೆರೆದುಕೊಂಡಾಗ ಇಂಜಿನಿಯರೇ ಅವಳನ್ನು ಹುಡುಕಿಕೊಂಡು ಕಾಫಿ ಮೆಷಿನ್ನಿನ ಹತ್ತಿರ ಬಂದ. ಕೆಟ್ಟವನಲ್ಲ. ಅವಳಿಗೂ ಒಂದು ಕಪ್ಪು ಹಿಡಿದು ಕೊಟ್ಟ, ಸಕ್ಕರೆ ಬೇಕಾ ಎಂದು ಕೇಳಿದ. ಪರೀಕ್ಷೆ ಮುಗಿದ ಮೇಲೆ ತಮ್ಮಲ್ಲಿಗೆ ಬಂದು ಸೇರಿಕೊಳ್ಳಿ, ಇಂಟರ್‌ವ್ಯೂ ಎಲ್ಲ ಬರೀ ಶಾಸ್ತ್ರಕ್ಕೆ ಎಂದ. ಇಂಥ ಒಂದು ಮಾತಿಗಾಗಿ ಅವಳು ವರ್ಷವಿಡೀ ಬಾಯಿ ಬಿಟ್ಟು ಕಾದಿದ್ದಳು.

"ಆ ಆಪರೇಟರ್ ಈಗ ಏನ್ ಮಾಡ್ತಾರೆ?" ಎಂದಳು. ತನಗೂ ಅದಕ್ಕೂ ಸಂಬಂಧವಿಲ್ಲದವಳಂತೆ ಕಪ್ಪಿನೊಳಗೆ ನೋಡುತ್ತ ಕೇಳಿದಳು.

"ಪಾಪ, ಅವ್ರಿಗಿನ್ನೂ ಗೊತ್ತಿಲ್ಲ. ಸೋಮವಾರ ಮೇಲಿನ ಮಹಡಿಗೆ ಕರೆದು ಹೇಳ್ತಾರಂತೆ. ಏನೋ ಒಂದಿಷ್ಟು ಕೊಟ್ಟು ಕಳಿಸ್ತಾರೆ."

"ಬೇರೆ ಕೆಲಸ ಏನಾದ್ರೂ..."

"ಆ ವಯಸ್ಸಲ್ಲಿ? ಆ ರೂಮು ಬಿಟ್ರೆ ಅವ್ರಿಗೆ ಇನ್ನೇನ್ ಬರತ್ತೆ ಹೇಳಿ."

"ನಿಲ್ಸಕ್ಕಾಗಲ್ವಾ?"

ಅವನು ಅವಳನ್ನು ಅಚ್ಚರಿಯಿಂದ ನೋಡಿದ. "ಏನ್ ನಿಲ್ಸೋದು? ಎಲ್ಲಾ ಆಗ್ಲೇ ಮೇಲೆ ಕ್ಲೌಡಲ್ಲಿ ಓಡ್ತಿದೆ. ಕೆಳಗಡೆ ಹಳೇ ಮೆಷಿನ್ನುಗಳನ್ನ ಆರಿಸೋದೊಂದೇ ಬಾಕಿ. ಅದನ್ನೂ ನಿಮ್ಮ ಹಮಾಲನೇ ಮಾಡ್ತಾನೆ." ಅವಳ ಮುಖ ನೋಡಿ ದನಿ ತಗ್ಗಿಸಿದ. "ಮೊದಲ್ನೇ ಸಲ ಹಾಗನ್ಸತ್ತೆ. ನನ್ಗೂ ಅನ್ಸಿತ್ತು. ತಲೆಗೆ ಹಚ್ಕೋಬೇಡಿ."

ಅವಳು ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ಫೋನು ತೆಗೆದಳು. ಹಮಾಲನನ್ನು ಅಳಿಸಿಹಾಕುವ ಪುಟ ತೆರೆದಳು. ನಿಜವಾಗಿಯೂ ಅಳಿಸಬೇಕೇ, ಹಾಗಾದರೆ ಹೆಸರನ್ನು ಮತ್ತೊಮ್ಮೆ ಬರೆಯಿರಿ ಎಂದು ಅದು ಕೇಳಿತು. ಬರೆದಳು. ಬೆರಳು ಅಲ್ಲೇ ನಿಂತಿತು. ಭಾಷಣ ಕೇಳಿದವರು ಕೂತಲ್ಲೇ ಅದನ್ನು ತಮ್ಮ ತಮ್ಮ ಹೆಸರಿಗೆ ನಕಲು ಮಾಡಿಕೊಂಡಿದ್ದರು. ನಕಲುಗಳ ಸಂಖ್ಯೆ ಅವಳ ಕಣ್ಣೆದುರೇ ಏರುತ್ತಿತ್ತು. ತನ್ನದನ್ನು ಅಳಿಸಿದರೆ ತನ್ನದೊಂದು ಹೋಗುತ್ತದೆ, ಅಷ್ಟೆ. ಪಕ್ಕದಲ್ಲಿ ಮೆಚ್ಚಿದವರ ಸಂಖ್ಯೆಯೂ ಇತ್ತು. ಬೆಳಿಗ್ಗೆ ಬೆರಳೆಣಿಕೆಯಷ್ಟಿದ್ದದ್ದು ಈಗ ನೂರು ದಾಟಿತ್ತು. ಒಂದು ಕ್ಷಣ, ಒಂದೇ ಒಂದು ಕ್ಷಣ, ಅವಳಿಗೆ ಹಿಗ್ಗಾಯಿತು. ಆ ಹಿಗ್ಗಿಗೆ ತನ್ನ ಮೇಲೆ ತನಗೇ ಹೇಸಿಗೆಯಾಗಿ ಫೋನು ಆರಿಸಿದಳು.

ಮನೆಗೆ ಬಂದಾಗ ಸಂಜೆಯ ಬೆಳಕು ಇನ್ನೂ ಕಿಟಕಿಯಲ್ಲಿತ್ತು. ಅಪ್ಪ ಊಟದ ಮೇಜಿನ ಮೇಲೆ ಹಳೆಯ ಹೊದಿಕೆ ಹಾಸಿ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ನೆಂಟರ ಮದುವೆಗೆ ಮಾತ್ರ ಹೊರಬರುವ ಅಂಗಿ ಅದು. ಅಮ್ಮ ಒಳಗೆ ಪಾತ್ರೆ ತೊಳೆಯುತ್ತಿದ್ದಳು.

"ಬಂದ್ಯಾ ಪುಟ್ಟಿ! ಹೇಳು ಹೇಳು, ಏನೇನಾಯ್ತು? ಮೊದ್ಲಿಂದ ಹೇಳು." ಅವಳು ಬಾಯಿ ತೆರೆಯುವಷ್ಟರಲ್ಲಿ ಅವನೇ ಶುರುಮಾಡಿದ. "ತಾಳು, ಮೊದ್ಲು ನಾನು ಹೇಳ್ಬಿಡ್ತೀನಿ, ಹೊಟ್ಟೇಲಿ ನಿಲ್ತಿಲ್ಲ. ನಿನ್ನ ಹಮಾಲನ್ನ ಮ್ಯಾನೇಜರಿಗೆ ಕೊಟ್ಟಿದ್ದು ನಾನೇ. ನಿಂಗೆ ಹೇಳಿರ್ಲಿಲ್ಲ. ಬರೆದೋರು ಯಾರು ಅಂತ ಅವ್ರು ಕೇಳಿದ್ರು, ನೀನು ಹೆಸರು ಮುಚ್ಚಿಟ್ಕೊಂಡಿದೀಯಲ್ಲ ಅಂತ ಸುಮ್ನಿದ್ದೆ. ಸೋಮವಾರ ಮೇಲಿನ ಮಹಡಿಗೆ ಬನ್ನಿ ಅಂತ ಇವತ್ತು ಫೋನ್ ಮಾಡಿದ್ರು. ಆ ಮಹಡಿಗೆ ನಾನು ಲೈಟ್ ಹೋದಾಗ ಸರಿಮಾಡಕ್ಕೆ ಬಿಟ್ರೆ ಹತ್ತಿದವನೇ ಅಲ್ಲ! ಅವತ್ತು ಹೇಳ್ತೀನಿ ನೋಡು, ಎಲ್ರ ಎದುರಿಗೆ. ಬರೆದೋಳು ನನ್ ಮಗಳು ಅಂತ."

ಅವಳು ಗೋಡೆಗೆ ಒರಗಿ ನಿಂತಳು. ಬಸ್ಸಿನಲ್ಲಿ ಬರುವಾಗ ಹೇಳಬೇಕಾದ್ದನ್ನು ಮೆತ್ತಗೆ ಮಾಡಿ, ಸುತ್ತಿ ಬಳಸಿ ಜೋಡಿಸಿಕೊಂಡು ಬಂದಿದ್ದಳು. ಈಗ ಒಂದೂ ನೆನಪಿಗೆ ಬರಲಿಲ್ಲ.

"ಅಪ್ಪ, ಅವ್ರು ರೂಮು ಮುಚ್ತಿದಾರೆ."

"ಯಾವ ರೂಮು?"

"ನಿಮ್ದು. ಅದು ಬ್ಯಾಕಪ್ ಪರೀಕ್ಷೆ ಅಲ್ಲ. ಎಲ್ಲಾನೂ ಸಾಗಿಸಿ ಆಗಿದೆ. ಸೋಮವಾರ ಕರ್ದಿರೋದು ಅದನ್ನ ಹೇಳಕ್ಕೆ."

ಒಳಗೆ ನಲ್ಲಿಯ ಸದ್ದು ನಿಂತಿತು. ಅಮ್ಮ ಬಾಗಿಲಿಗೆ ಬಂದು, ಒದ್ದೆ ಕೈಗಳನ್ನು ಹಾಗೇ ಹಿಡಿದುಕೊಂಡು ನಿಂತಳು. ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. ಸ್ವಲ್ಪ ಹೊತ್ತು ಅಂಗಿಯ ಗುಂಡಿಯೊಂದನ್ನು ತಿರುಗಿಸುತ್ತ ನಿಂತವನು, ಆಮೇಲೆ ನಕ್ಕ.

"ಮುಚ್ಲಿ, ನೋಡೋಣ. ಸಾಗಿಸೋದು ಯಾರ್ ಬೇಕಾದ್ರೂ ಸಾಗಿಸ್ಬಹುದು. ಆರಿಸೋದು? ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಿಲ್ದೆ ಕೈ ಇಟ್ರೋ, ಮುಗೀತು ಕಥೆ. ನನ್ನೇ ಕರೀಬೇಕು. ನಾನಿಲ್ದೆ ಅವ್ರ ಕೈಲಾಗಲ್ಲ, ಬರ್ಕೋ ಬೇಕಾದ್ರೆ."

ಅವಳ ಮುಖ ನೋಡುತ್ತ ಹೋದಂತೆ ಅಪ್ಪನ ನಗು ತೆಳುವಾಯಿತು.

"ಅಜ್ಜೀನ ಕೊನೇಗೆ ಆರಿಸ್ಬೇಕು ಅನ್ನೋದು... ಅದೂ ಅದ್ರಲ್ಲಿದ್ಯಾ?"

"ಇದೆ."

"ಮೊಂಡನಿಗೆ ಎರಡು ಸಲ ಹೇಳ್ಬೇಕು, ನಡುವೆ ಕಾಯ್ಬೇಕು. ಅದು?"

"ಇದೆ, ಅಪ್ಪ."

"ತಿಂಗಳ ಕೊನೇಲಿ ಸೊಸೇನ ಮುಟ್ಟಬಾರ್ದು ಅಂತ ಹೇಳಿದ್ನಲ್ಲ. ಬಿಲ್ಲು ಅರ್ಧಕ್ಕೆ ನಿಲ್ಲತ್ತೆ ಅಂತ. ಅದನ್ನ ಹಾಕಿರಲ್ಲ ನೀನು."

"ಹಾಕಿದೀನಿ."

ಕಳೆದುಹೋದ ಬೀಗದಕೈಗಾಗಿ ಜೇಬುಗಳನ್ನು ಒಂದೊಂದಾಗಿ ತಡಕುವವನ ಹಾಗೆ ಅವನು ಕೇಳುತ್ತ ಹೋದ. ಎ.ಸಿ. ಕೆಟ್ಟಾಗಿನದು, ನೀರು ನುಗ್ಗಿದ ವರ್ಷ ಕಲಿತದ್ದು, ಮ್ಯಾನೇಜರಿಗೂ ಹೇಳದೆ ತಾನೇ ಕಂಡುಕೊಂಡಿದ್ದ ಒಂದು ಸಣ್ಣ ಉಪಾಯ. ಎಲ್ಲಕ್ಕೂ ಅವಳು ಇದೆ ಎಂದೇ ಹೇಳಬೇಕಾಯಿತು. ಒಂದನ್ನಾದರೂ ಯಾಕೆ ಮರೆಯಲಿಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಸುಳ್ಳು ಹೇಳಿಬಿಡೋಣವೆಂದುಕೊಂಡಳು, ಆದರೆ ಸೋಮವಾರ ದೂರವಿರಲಿಲ್ಲ. ಕೊನೆಗೆ ಅಪ್ಪನ ಬಳಿ ಕೇಳುವುದಕ್ಕೆ ಏನೂ ಉಳಿಯಲಿಲ್ಲ.

"ಒಂದನ್ನೂ ಬಿಟ್ಟಿಲ್ಲ ನೀನು," ಅಂದ.

"ಅವ್ಳಿಗೇನ್ ಗೊತ್ತಿತ್ತು," ಅಮ್ಮ ಬಾಗಿಲಿನಿಂದ ಅಂದಳು. ದನಿ ಗಡುಸಾಗಿತ್ತು, ಅದು ಯಾರ ಮೇಲಿನ ಸಿಟ್ಟು ಎಂದು ಅಮ್ಮನಿಗೂ ತಿಳಿದಂತಿರಲಿಲ್ಲ. "ಕೊಟ್ಟು ಬಂದೋರು ನೀವು. ನಿಮಗಾದ್ರೂ ಗೊತ್ತಾಗ್ಬೇಕಿತ್ತು."

ಕಿಟಕಿಯ ಬೆಳಕು ಹೋಗುತ್ತಿತ್ತು, ಯಾರೂ ದೀಪ ಹಾಕಲಿಲ್ಲ. ಅಪ್ಪ ಅಂಗಿಯನ್ನು ಎರಡೂ ಭುಜಗಳಲ್ಲಿ ಹಿಡಿದೆತ್ತಿ ನೋಡಿ, ಮತ್ತೆ ಮೇಜಿನ ಮೇಲೆ ಹರಡಿದ. ಆಮೇಲೆ ಅವಳತ್ತ ನೋಡದೆ ಕೇಳಿದ.

"ಅಲ್ಲಿ ತುಂಬಾ ಜನ ಇದ್ರಾ?"

"ಇದ್ರು."

"ಎಲ್ಲಾ ಓದಿದೋರು."

"ಹೂಂ."

"ಇದನ್ನೆಲ್ಲ ಹೇಳ್ಕೊಟ್ಟಿದ್ದು ಯಾರು ಅಂತ... ಯಾರಾದ್ರೂ ಕೇಳಿದ್ರಾ?"

"ಕೇಳಿದ್ರು," ಅಂದಳು.

"ಏನ್ ಹೇಳ್ದೆ?"

"ನಮ್ಮಪ್ಪ ಅಂದೆ."

ಅಪ್ಪ ತಲೆಯಾಡಿಸಿದ. ಮೇಜಿನ ಮೂಲೆಯಲ್ಲಿಟ್ಟಿದ್ದ ಬಟ್ಟಲಿಗೆ ಬೆರಳದ್ದಿ ಕಾಲರಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದ. ಇಸ್ತ್ರಿಪೆಟ್ಟಿಗೆಯನ್ನು ಎತ್ತಿಕೊಂಡು, ಒಂದು ತುದಿಯಿಂದ ಇನ್ನೊಂದು ತುದಿಗೆ, ಸುಕ್ಕು ಬೀಳದ ಹಾಗೆ ನಿಧಾನವಾಗಿ ಒತ್ತತೊಡಗಿದ.